ತಪ್ಪು ಉತ್ತರದ ಸ್ಟೂಲು

ಕೆಂಟನ್‌ನ ನಮ್ಮ ಮನೆಯ ಬಾತ್‌ಟಬ್ಬಿನ ತಳದಲ್ಲಿ, ಬಣ್ಣ ಸವೆದ ಕಡೆ, ಅಂಗೈಯಗಲದ ಒಂದು ಹಳದಿ ಕಲೆ ಇದೆ. ಮೂವತ್ತು ವರ್ಷ ಅದನ್ನು ಉಜ್ಜಿದ್ದೇನೆ. ಬ್ಲೀಚು, ನಿಂಬೆಹಣ್ಣು, ಸೋಡಾ, ಬೈಗುಳ ಎಲ್ಲವನ್ನೂ ಹಾಕಿ ನೋಡಿದೆ, ಹೋಗಲಿಲ್ಲ. ಕಲೆ ಮಾಡಿದವಳು, ನನ್ನ ಹೆಂಡತಿ ಶಾರದಾ, ಹೋಗಿ ಎಂಟು ತಿಂಗಳಾಯಿತು. ನಾಳೆ, ಸೋಮವಾರ, ಟಬ್ಬೂ ಹೋಗುತ್ತದೆ. ನನ್ನ ಮೊಣಕಾಲು ಅದರ ಅಂಚು ದಾಟಲಾರದೆಂದು ಮಗಳು ಮೇಘಾ ಅಲ್ಲಿ ಶವರ್ ಹಾಕಿಸುತ್ತಿದ್ದಾಳೆ.

ಕಲೆಗೆ ಮೂಲ ಟೀವಿ. ಮೇಘಾ ಚಿಕ್ಕವಳಿದ್ದಾಗ ಶನಿವಾರ ಬೆಳಿಗ್ಗೆ ಇಂಗ್ಲಿಷರ ಈ ದೇಶದ ಮಕ್ಕಳೆಲ್ಲ ಒಂದೇ ದೃಶ್ಯಕ್ಕಾಗಿ ಕಾಯುತ್ತಿದ್ದರು: ತಪ್ಪು ಉತ್ತರ ಕೊಟ್ಟವರ ತಲೆಯ ಮೇಲೆ ಬಣ್ಣದ ಲೋಳೆ ಸುರಿಯುವುದು. ಅದಕ್ಕೆ ಇಲ್ಲಿ ಗಂಜ್ ಎನ್ನುತ್ತಾರೆ. ಇದರ ಚರಿತ್ರೆಯನ್ನು ನಾನು ಎಲ್ಲೂ ಓದಿಲ್ಲ, ಸೋಫಾದ ಮೇಲೆ ಕೂತು ಕಂಡಷ್ಟು ಬಲ್ಲೆ. ಮೊದಲು ಮುಖಕ್ಕೆ ಕ್ರೀಮು ಮೆತ್ತುವುದಿತ್ತು, ಬಕೆಟ್ಟಿನ ನೀರಿತ್ತು. ಆಮೇಲೆ ಗಾಜಿನ ಗೂಡು, ಒಳಗೊಂದು ಕುರ್ಚಿ, ಮೇಲೊಂದು ತೊಟ್ಟಿ ಬಂದವು. ಮಕ್ಕಳು ಸಾಲದೆ ಅವರ ಟೀಚರುಗಳನ್ನೂ ಅಪ್ಪಂದಿರನ್ನೂ ಕೂರಿಸಿದರು. ಕೊನೆಗೆ ಶನಿವಾರದ ಬೆಳಿಗ್ಗೆಗಳನ್ನು ಅಡುಗೆ ಕಾರ್ಯಕ್ರಮಗಳು ಹಿಡಿದುಕೊಂಡವು. ತಲೆಗೆ ಸುರಿಯುತ್ತಿದ್ದದ್ದು ತಟ್ಟೆಗೆ ಬಂತು.

"ಟ್ಯೂಬ್ ರೈಲಿನಾಗ ಮೊಣಕೈ ತಾಗಿದ್ರ ಸಾರಿ ಅನ್ನೋ ಮಂದಿರೀ ಇವರು," ಎನ್ನುತ್ತಿದ್ದಳು ಶಾರದಾ. "ಓಕುಳಿ ಇಲ್ಲದ ಊರಾಗ ಮತ್ತೇನ್ ಮಾಡಬೇಕು, ಪಾಪ!" ನಾವಿಬ್ಬರೂ ಧಾರವಾಡದವರು. ಓಕುಳಿಯ ದಿನ ಅವಳು ಬೀದಿಯಲ್ಲಿರುತ್ತಿದ್ದಳು, ನಾನು ಕದ ಹಾಕಿಕೊಂಡು ಒಳಗಿರುತ್ತಿದ್ದೆ.

ಅವಳಿಗೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಬಕೆಟ್ಟುಗಟ್ಟಲೆ ಕಸ್ಟರ್ಡ್ ಕಲಸುವ ಕೈಗೆ ಒಂದು ಜಗ್ ಗಂಜ್ ಯಾವ ಲೆಕ್ಕ? ಟಬ್ಬಿನಲ್ಲಿ ಪ್ಲಾಸ್ಟಿಕ್ ಸ್ಟೂಲು ಇಟ್ಟು ಮಗಳನ್ನು ಕೂರಿಸಿದಳು. ಬಣ್ಣ ಮನೆಯಲ್ಲಿರಲಿಲ್ಲ. "ಮೈಗೂ ಛಲೋ" ಎಂದು ಕಸ್ಟರ್ಡಿಗೆ ಮೂರು ಚಮಚ ಅರಿಶಿನ ಹಾಕಿ ಅವಳ ತಲೆಗೆ ಸುರಿದಳು. ಸೋಮವಾರ ನನ್ನ ಆಫೀಸಿಗೆ ಮೇಘಾಳ ಶಾಲೆಯಿಂದ ಫೋನು: ಮಗುವಿಗೆ ಕಾಮಾಲೆ ಇರುವಂತಿದೆ, ಡಾಕ್ಟರಿಗೆ ತೋರಿಸಿದ್ದೀರಾ? ಅದು ಕಾಯಿಲೆಯಲ್ಲ, ಅಡುಗೆ ಎಂದು ಹೆಡ್‌ಮಿಸ್ಟ್ರೆಸ್ಸಿಗೆ ಮನವರಿಕೆ ಮಾಡುವಷ್ಟರಲ್ಲಿ ನನ್ನ ಶರ್ಟು ಒದ್ದೆಯಾಗಿತ್ತು. ಶಾರದಾ ನಕ್ಕು ನಕ್ಕು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟಳು. ನಾನು ಮೂರು ದಿನ ಮಾತು ಬಿಟ್ಟೆ. ಈಗ ಆ ಮೂರು ದಿನ ವಾಪಸು ಬೇಕೆನಿಸುತ್ತದೆ.

ಆಟ ನಿಲ್ಲಲಿಲ್ಲ. ಆಗ ಒಂದು ಸಂಗತಿ ಗಮನಿಸಿದೆ. ಟೀವಿಯಲ್ಲೂ ನಮ್ಮ ಟಬ್ಬಿನಲ್ಲೂ ಮಕ್ಕಳು ಬೇಕೆಂದೇ ಸೋಲುತ್ತಿದ್ದರು. ಮಗ್ಗಿಯನ್ನು ನಿದ್ದೆಯಲ್ಲೂ ಒಪ್ಪಿಸುವ ಮೇಘಾ, ಏಳೆಂಟಲೆ ಐವತ್ನಾಲ್ಕು ಎಂದು ಕಣ್ಣು ಮುಚ್ಚಿ ಕಾಯುತ್ತಿದ್ದಳು. ಕೊನೆಯ ಪ್ರಶ್ನೆ ಯಾವಾಗಲೂ ನನಗೆ, ಯಾವಾಗಲೂ ಅದೇ: ಆಸ್ಟ್ರೇಲಿಯಾದ ರಾಜಧಾನಿ ಯಾವುದು? ಸ್ಟೂಲಿನ ಮೇಲೆ ಕೂತು ಹೇಳಬೇಕೆಂಬುದು ನಿಯಮ. ನಾನು ಇಸ್ತ್ರಿ ಶರ್ಟಿನಲ್ಲಿ ಬಾಗಿಲಲ್ಲಿ ನಿಂತೇ "ಕ್ಯಾನ್‌ಬೆರಾ" ಎಂದು ಹೊರಟುಬಿಡುತ್ತಿದ್ದೆ.

"ಒಂದ್ಸಲ ತಪ್ಪು ಹೇಳ್ರೀ, ನಿಮ್ಮ ಗಂಟೇನ್ ಹೋಗ್ತದ?"

"ಗೊತ್ತಿದ್ದೂ ತಪ್ಪು ಹೇಳೋದು ಹ್ಯಾಂಗ?"

ಗಂಡನಿಗಿಂತ ಮೊದಲು ಹೋದವಳನ್ನು ನಮ್ಮಲ್ಲಿ ಮುಖಕ್ಕೆ ಅರಿಶಿನ ಹಚ್ಚಿ ಕಳಿಸುತ್ತಾರೆ. ಫ್ಯೂನರಲ್ ಹೋಮಿನ ತಣ್ಣಗಿನ ಕೋಣೆಯಲ್ಲಿ ಅರಿಶಿನ ಕಲಸಿದವಳು ಮೇಘಾ. ಸ್ವಲ್ಪ ಹೆಚ್ಚೇ ಬಿತ್ತು.

"ಟೂ ಮಚ್ ಆಯ್ತಾ, ಅಪ್ಪಾ?"

"ಇರಲಿ," ಎಂದೆ. "ಆಕಿನೂ ಎಂದೂ ಅಳತಿ ನೋಡಿದಾಕಿ ಅಲ್ಲ."

ನಿನ್ನೆ, ಶನಿವಾರ, ಮೇಘಾ ಬಾತ್‌ರೂಮು ಖಾಲಿ ಮಾಡಲು ಪಿನ್ನರ್‌ನ ತನ್ನ ಮನೆಯಿಂದ ಬಂದಳು. ಅಡುಗೆಮನೆಯಿಂದ ಕಸ್ಟರ್ಡಿನ ವಾಸನೆ ಬಂತು. ಚಹಾದ ಜೊತೆಗೇನೋ ಮಾಡುತ್ತಿದ್ದಾಳೆ ಅಂದುಕೊಂಡೆ. ಮೇಲಿನಿಂದ ಕೂಗಿದಳು. ಹೋಗಿ ನೋಡಿದರೆ ಟಬ್ಬಿನಲ್ಲಿ, ಕಲೆಯ ಪಕ್ಕದಲ್ಲೇ, ಹಳೆಯ ಸ್ಟೂಲು. ಅವಳ ಕೈಯಲ್ಲಿ ಶಾರದಾಳ ಸ್ಟೀಲಿನ ಜಗ್. ಅವಳ ಕಣ್ಣು ಕೆಂಪಾಗಿತ್ತು.

"ಲಾಸ್ಟ್ ಕ್ವೆಶ್ಚನ್, ಅಪ್ಪಾ. ಬೇಡಾಂದ್ರೆ ಇಟ್ಸ್ ಓಕೆ."

ಅವಳ ಹೆಗಲು ಹಿಡಿದು ಒಂದೊಂದೇ ಕಾಲೆತ್ತಿ ಅಂಚು ದಾಟಿದೆ. ಕೂತೆ.

"ಕ್ಯಾಪಿಟಲ್ ಆಫ್ ಆಸ್ಟ್ರೇಲಿಯಾ?"

ಉತ್ತರ ನನಗೆ ಗೊತ್ತಿತ್ತು.

"ಸಿಡ್ನಿ," ಎಂದೆ.

ಗಂಜ್ ಇಷ್ಟು ಬೆಚ್ಚಗಿರುತ್ತದೆಂದು ಮೂವತ್ತು ವರ್ಷದಲ್ಲಿ ತಾಯಿ ಮಗಳಿಬ್ಬರಲ್ಲಿ ಒಬ್ಬರಾದರೂ ನನಗೆ ಹೇಳಬಾರದಿತ್ತೇ?