ಕೆಂಪಕ್ಕನ ಗ್ಲೇಜ್ ಡ್ರಮ್ಮು

ಕೆಂಪಕ್ಕನ ಬಲಗಿವಿಯ ಹಾಲೆ ಎರಡಾಗಿ ಸೀಳಿತ್ತು. ಕುಣಿಗಲ್ ಕಡೆಯ ಹಳ್ಳಿಯಲ್ಲಿ ಗಂಡ ಓಲೆ ಸಮೇತ ಕಿತ್ತಿದ್ದ. ಯಾರಾದರೂ ದಿಟ್ಟಿಸಿದರೆ ಮುಚ್ಚಿಕೊಳ್ಳುತ್ತಿರಲಿಲ್ಲ. "ಸರ್‍ಯಾಗ್ ನೋಡ್ಕಳಿ. ಆ ಕಿವಿ ದೇವ್ರು ಮಾಡಿದ್ದು, ಈ ಕಿವಿ ಅವ್ನು ಮಾಡಿದ್ದು" ಎಂದು ತಲೆ ತಿರುಗಿಸಿ ತೋರಿಸುತ್ತಿದ್ದಳು.

ಅವನಿಂದ ತಪ್ಪಿಸಿಕೊಂಡು ತುಮಕೂರಿಗೆ ಬಂದು ಶೆಟ್ಟಿಹಳ್ಳಿಯಲ್ಲಿ ರೂಮು ಹಿಡಿದು, ಬಟವಾಡಿ ಹಿಂದಿನ ನಮ್ಮ ಪಿಂಗಾಣಿ ಶೆಡ್ಡಿಗೆ ಸೇರಿದ್ದಳು. ನಾನು ಉಪ್ಪಿನಕಾಯಿ ಜಾಡಿಗಳನ್ನು ಗ್ಲೇಜಿನಲ್ಲಿ ಅದ್ದುವವಳು, ಅವಳು ಆ ಗ್ಲೇಜನ್ನು ಡ್ರಮ್ಮಿನಲ್ಲಿ ಕಲಸುವವಳು. ಗ್ಲೇಜೆಂದರೆ ಸುಟ್ಟಾಗ ಜಾಡಿಗೆ ಹೊಳಪು ಕೊಡುವ ಲೇಪ, ಕಲ್ಲಿನ ಪುಡಿ ಮತ್ತು ನೀರು. ಸುಮ್ಮನೆ ಬಿಟ್ಟರೆ ಪುಡಿ ತಳಕ್ಕಿಳಿದು ಸಿಮೆಂಟಿನಂತೆ ಕೂರುತ್ತದೆ. ಅದಕ್ಕೆ ಬೆಂಟೊನೈಟ್ ಎಂಬ ನುಣುಪು ಜೇಡಿ ಸೇರಿಸಿ, ಎಪ್ಸಮ್ ಉಪ್ಪನ್ನು ಬಿಸಿನೀರಲ್ಲಿ ಕರಗಿಸಿ ಚೂರುಚೂರೇ ಬಿಡುತ್ತಿದ್ದಳು. ನೀರಾಗಿದ್ದದ್ದು ಗಂಜಿಯ ಹದಕ್ಕೆ ಬರುತ್ತಿತ್ತು, ಪುಡಿ ತೇಲಿಕೊಂಡೇ ಇರುತ್ತಿತ್ತು. ಗಟ್ಟಿಯಾಯಿತೆಂದು ಯಜಮಾನರು ಒಮ್ಮೆ ತಾವೇ ನೀರು ಸುರಿದರು. ಕೆಂಪಕ್ಕ ಮಗ್ಗು ಬೀಸಿ ಎಸೆದಳು. ಅವರ ಹಿಂದಿದ್ದ ಜಾಡಿ ಚೂರಾಯಿತು. "ಇನ್ನೊಂದ್ ಸಲ ನೀರ್ ಉಯ್ದ್ರೆ ನಿಮ್ ತಲೆಗೇ ಕಣ್ರೀ" ಎಂದಳು. ಆ ಸಿಟ್ಟು ನನಗೆ ಬಹಳ ಇಷ್ಟ.

ಒಂದು ಬೆಳಿಗ್ಗೆ ಗಂಡ ಹುಡುಕಿಕೊಂಡು ಬಂದೇಬಿಟ್ಟ. "ಮನೆಗ್ ನಡಿಯೇ" ಎಂದವನು ಉತ್ತರಕ್ಕೂ ಕಾಯದೆ ಜುಟ್ಟು ಹಿಡಿದು ಅವಳ ಮುಖವನ್ನು ಡ್ರಮ್ಮಿನೊಳಗೆ ಅದುಮಿದ. ಅವಳು ಕೈಕಾಲು ಬಡಿಯುತ್ತಿದ್ದಳು. ನಾನು ಕೈಯಲ್ಲಿದ್ದ ಜಾಡಿಯಿಂದಲೇ ಅವನ ಬೆನ್ನಿಗೆ ಅಪ್ಪಳಿಸಿದೆ. ಹಿಡಿತ ಸಡಿಲಿತು. ಮೇಲೆದ್ದ ಕೆಂಪಕ್ಕನ ಮುಖವೆಲ್ಲ ಬಿಳಿ, ಮೂಗಿನಲ್ಲಿ ರಕ್ತ. ಕಲಕುವ ದೊಣ್ಣೆ ಎತ್ತಿ ಅವನ ಮೊಣಕೈಗೆ ಹೊಡೆದಳು. ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಸಿಟ್ಟು ಬಂದರೆ ಸಾರಿಗೆ ಉಪ್ಪು ಸುರಿಯುವುದು ಮನೆಯಲ್ಲಿ ಅವನ ಚಾಳಿಯಂತೆ. ಓಡುವ ಮುನ್ನ ಇನ್ನೊಂದು ಕೈಯಲ್ಲಿ ಎಪ್ಸಮ್ ಉಪ್ಪೆಂದು ಬರೆದಿದ್ದ ಡಬ್ಬವನ್ನೇ ಡ್ರಮ್ಮಿಗೆ ಬೋರಲು ಹಾಕಿದ.

ಗ್ಲೇಜ್ ಮೊಸರಿನಂತೆ ಹೆಪ್ಪಾಯಿತು. ಕೆಂಪಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು, ಅದನ್ನು ಸಡಿಲಿಸುವ ಸೋಡಿಯಂ ಸಿಲಿಕೇಟನ್ನು ತೊಟ್ಟುತೊಟ್ಟಾಗಿ ಬಿಡುತ್ತ ನಿಂತಳು.

"ಅಕ್ಕ, ರಕ್ತ ಬಿದ್ದೈತಲ್ಲ ಒಳಗೆ."

"ಭಟ್ಟಿಗೋದ್ರೆ ಸುಟ್ಟೋಯ್ತದೆ. ಕಲಕು ನೀನು."

ದೂರು ಕೊಟ್ಟೆವು. ಅವನು ಸಿಗಲಿಲ್ಲ. ಮಚ್ಚು ತರುತ್ತಾನಂತೆ ಎಂಬ ಸುದ್ದಿ ಮಾತ್ರ ಬಂತು. ತುಮಕೂರು ಬಸ್‌ ಸ್ಟ್ಯಾಂಡಿನಲ್ಲಿ ಅವನ ಕಡೆಯವರು ಕಾಯುತ್ತಿರಬಹುದೆಂದು ಕೆಂಪಕ್ಕನನ್ನು ಆಟೋದಲ್ಲಿ ಗುಬ್ಬಿವರೆಗೆ ಬಿಟ್ಟುಬಂದೆ.

"ಎಲ್ಲಿಗೋಯ್ತೀಯಕ್ಕ?"

"ನಿಂಗೂ ಹೇಳಲ್ಲ ಬುಡು. ಗೊತ್ತಿದ್ರೆ ಹೊಡ್ದು ಬಾಯ್ ಬುಡಿಸ್ತಾನೆ."

ಅವಳು ಯಾವ ಬಸ್ಸು ಹತ್ತಿದಳೆಂಬುದೂ ಕಾಣದಂತೆ ನನ್ನನ್ನೇ ಮೊದಲು ವಾಪಸ್ ಕಳಿಸಿದಳು. ಇಷ್ಟೇನಾ ನಂಬಿಕೆ ಎಂದು ದಾರಿಯುದ್ದಕ್ಕೂ ಕೋಪ ಮಾಡಿಕೊಂಡು ಅತ್ತೆ.

ವಾರದೊಳಗೆ ಅವನು ಮತ್ತೆ ಶೆಡ್ಡಿಗೆ ಬಂದ. ಒಂದು ಕೈಗೆ ಬ್ಯಾಂಡೇಜು. ಇನ್ನೊಂದರಲ್ಲಿ ನನ್ನ ಕುತ್ತಿಗೆ ಹಿಡಿದು ಗೋಡೆಗೊತ್ತಿ, "ಎಲ್ಲವ್ಳೆ?" ಎಂದ. ಗೊತ್ತಿಲ್ಲ ಎಂದೆ. ತಲೆಯನ್ನು ಗೋಡೆಗೆ ಕುಟ್ಟಿದ. ಮತ್ತೆ ಅದನ್ನೇ ಹೇಳಿದೆ. ಬಾಯಿಗೆ ಗುದ್ದಿದ, ಹಲ್ಲೊಂದು ಉದುರಿತು. ಜನ ಬಂದು ಅವನನ್ನು ಹಿಡಿದು ಕಟ್ಟುವವರೆಗೂ ಗೊತ್ತಿಲ್ಲ ಎನ್ನುತ್ತಲೇ ಇದ್ದೆ. ಗಟ್ಟಿಗಿತ್ತಿ ಎಂದು ಈಗಲೂ ಶೆಡ್ಡಿನಲ್ಲಿ ನನ್ನನ್ನು ಹೊಗಳುತ್ತಾರೆ. ಗೊತ್ತಿದ್ದರೆ ಮೊದಲನೇ ಏಟಿಗೇ ಹೇಳಿಬಿಡುತ್ತಿದ್ದೆ. ಕೆಂಪಕ್ಕನಿಗೆ ಅದು ಗೊತ್ತಿತ್ತು.