ತಮ್ಮನ ಮದ್ದಿಗೆ ನಮ್ಮ ಭಜನೆ

ನಗಬೇಡಿ ಆಯ್ತಾ. "ಅಕ್ಕಾ, ಎಲ್ಲಿಯೂ ಮದ್ದು ಸಿಗ್ತಿಲ್ಲ, ದೇವರಿಗೆ ಹೇಳು" ಎಂದು ಇವತ್ತು ಸುಳ್ಯದಿಂದ ತಮ್ಮನ ವಾಯ್ಸ್ ಮೆಸೇಜ್ ಬಂತು. ಇಲ್ಲಿ ಗಲ್ಫಿನಲ್ಲಿ, ಬಿನ್ ಒಮ್ರಾನಿನ ನಮ್ಮ ಮನೆಯ ಭಜನೆಯಲ್ಲಿ ಎಲ್ಲರಿಂದಲೂ ಪ್ರಾರ್ಥನೆ ಮಾಡಿಸಿ, ನಾನೂ ಅತ್ತು, ಆಮೇಲೆ ಫೋನ್ ಮಾಡಿದೆ.

"ಎಂತ ಕಾಯಿಲೆ ಮಾರಾಯ?"

"ಕಾಯಿಲೆಯಾ? ಕೇಪಿನ ಕೋವಿಗೆ ತುಂಬಿಸುವ ಮದ್ದು ಅಕ್ಕ! ಹಂದಿ ಹೊಡೀಲಿಕ್ಕೆ."

ಹೊಡೆದಾಟದ ಕೇಸಿನಲ್ಲಿ ಜೈಲು ಕಂಡು ಬಂದವನು ಇವನು!

"ನಿಂಗೆ ಲೈಸೆನ್ಸ್ ಯಾರು ಕೊಡ್ತಾರೆ?"

"ಅಜ್ಜನ ಕಾಲದ ಕೋವಿಗೆ ಎಂತ ಲೈಸೆನ್ಸ್?"

ನಮ್ಮ ಯಜಮಾನರು ಫೋನ್ ಕಿತ್ತುಕೊಂಡರು. "ಅದಕ್ಕೂ ಬೇಕು ಭಾವ. ಶಿಕಾರಿಗಂತೂ ಯಾರಿಗೂ ಪರ್ಮಿಶನ್ ಇಲ್ಲ. ಪುನಃ ಒಳಗೆ ಹೋಗ್ತಿ, ಖಲಾಸ್!"

ಅವನಿಗೆ ಮದ್ದು ಸಿಗದ ಹಾಗೆ ಇನ್ನೊಮ್ಮೆ ಬೇಡಿಕೊಳ್ಳಿ ಎಂದು ಈಗ ಭಜನೆಯವರಿಗೆಲ್ಲ ಹೇಳಬೇಕು. ದೇವರು ಬೇಗ ಕೇಳಿಸಿಕೊಳ್ಳುತ್ತಾನೆ ಎಂದು ಅವರಿಗೆ ಉಪದೇಶ ಮಾಡಿದವಳೂ ನಾನೇ.