ಖಾಲಿ ಎಂಜಿನ್ನಿನ ಭಜನೆ

ಧ್ಯಾನಕ್ಕೆ ಕುಳಿತಿದ್ದ ನಮ್ಮ ಭಜನಾ ಮಾಸ್ತರರು ಒಂದೇ ಕಣ್ಣು ತೆರೆದು ಕೇಳಿದರು: "ಗಿರಣಿ ಯಾಕ ಬಂದ್ ಆತಲೇ?"

ಎಂಬತ್ತರ ದಶಕದ ಅಲಖನೂರ. ಹಿಟ್ಟಿನ ಗಿರಣಿ ಶುರುವಾಗಿದ್ದು ಊರಿಗೆ ಗೊತ್ತಾಗಲೆಂದು ಡೀಸೆಲ್ ಎಂಜಿನ್ನಿನ ಹೊಗೆ ಕೊಳವೆಯ ಬಾಯಿಗೆ ಡಬ್ಬಿ ಕಟ್ಟುತ್ತಿದ್ದ ಕಾಲ. ಅದರ 'ಟುಕ್ ಟುಕ್' ಸದ್ದು ಪಕ್ಕದಲ್ಲೇ ಇದ್ದ ಮಾಸ್ತರರ ಮನೆಯೊಳಗೆ ಬಂದು ಬಡಿಯುತ್ತಿತ್ತು. ಅದನ್ನು ಅವರು ದಿನಾ ಬೈಯುತ್ತಿದ್ದರು. ತಮ್ಮ ಹಾಡುಗಳೆಲ್ಲ ಧ್ಯಾನದ ಮೌನದಲ್ಲಿ ಹುಟ್ಟುತ್ತವೆ ಎಂಬುದು ಅವರ ಹೆಮ್ಮೆ.

ಅಂದು ಸಂಜೆ ರಾಯಬಾಗದಲ್ಲಿ ಭಜನಾ ಸ್ಪರ್ಧೆ. ಪದ ಸಿದ್ಧವಿತ್ತು, ಧಾಟಿ ಇರಲಿಲ್ಲ. ಬೇಡಿದ ಮೌನವೇನೋ ಸಿಕ್ಕಿತ್ತು, ಆದರೆ ತೊಡೆಯ ಮೇಲೆ ತಾಳ ಹಾಕುವ ಅವರ ಬೆರಳು ಅಲ್ಲಾಡಲೇ ಇಲ್ಲ. ಚಡಪಡಿಸಿ ಎದ್ದು ಗಿರಣಿಗೇ ನಡೆದರು. ತಾಳ ಹಿಡಿದು ಕಾಯುತ್ತಿದ್ದ ಭಜನಾ ಮೇಳದ ನಾವೂ ಹಿಂದೆ ಹೋದೆವು.

ಗಿರಣಿಯವನು ಎಂಜಿನ್ ನಿಲ್ಲಿಸಿ, ಬೀಸುವ ಕಲ್ಲು ತಿರುಗಿಸುವ ಹರಿದ ಪಟ್ಟಾ ಹೊಲಿಯುತ್ತಿದ್ದ. "ಇವತ್ತ ಹಿಟ್ಟ ಆಗೂದಿಲ್ರಿ ಮಾಸ್ತರ" ಎಂದ.

"ಹಿಟ್ಟ ಯಾರಿಗೆ ಬೇಕಾಗೈತಿ? ಖಾಲಿ ಎಂಜಿನ್ ಅಷ್ಟ ಚಾಲೂ ಮಾಡೋ ತಮ್ಮಾ!"

ಎಂಜಿನ್ ಟುಕ್ ಅಂದದ್ದೇ ತಡ, ಮಾಸ್ತರರು ಜೋಳದ ಚೀಲದ ಮೇಲೆ ಕೂತು ಕಣ್ಣು ಮುಚ್ಚಿದರು. ಬೆರಳು ತೊಡೆಯ ಮೇಲೆ ಕುಣಿಯಿತು, ಪದಕ್ಕೆ ಧಾಟಿ ಕೂಡಿತು. ಎರಡನೇ ಚರಣದ ಹೊತ್ತಿಗೆ ಬೀಸಲು ಬಂದ ಹೆಂಗಸರೂ ದನಿಗೂಡಿಸಿದ್ದರು.

ಸಂಜೆ ಸ್ಪರ್ಧೆಯಲ್ಲಿ ಜನ ತಲೆದೂಗಿದರು. "ಎಲ್ಲಾ ಧ್ಯಾನದ ಪ್ರಸಾದರಿ" ಎಂದು ಮಾಸ್ತರರು ಕೈಮುಗಿದರು. ಈಗಲೂ ಯಾರಾದರೂ ಕಣ್ಣು ಮುಚ್ಚಿ ಹಾಡತೊಡಗಿದರೆ ನನ್ನ ಮೂಗಿಗೆ ಆ ಎಂಜಿನ್ನಿನ ಡೀಸೆಲ್ ಹೊಗೆಯ ವಾಸನೆ ಬಡಿಯುತ್ತದೆ.